ಒಂದೇ ರೋಲಿನ ಪಟ್ಟಿಗಳಿಗೆ ಬೇರೆ ಬೇರೆ ಬಲ ಏಕೆ?

ಪ್ರಶ್ನೆ: ಕಾರಿನ ಬಾಗಿಲಿನ ಒಳಫಲಕಕ್ಕಾಗಿ ಅಗಸೆ ನಾರು, ಪಾಲಿಪ್ರೊಪಿಲೀನ್ (ಒಂದು ಪ್ಲಾಸ್ಟಿಕ್) ಬೆರೆಸಿದ ನೀಡಲ್‌ಪಂಚ್ ನಾನ್‌ವೋವನ್ (ನೇಯದೆ ಸೂಜಿ ಚುಚ್ಚಿ ಹೆಣೆದ) ಹಾಸನ್ನು ಪರೀಕ್ಷಿಸುತ್ತಿದ್ದೇನೆ. ಒಂದೇ ರೋಲಿನ ಪಟ್ಟಿಗಳು ಬೇರೆ ಬೇರೆ ಬಲಕ್ಕೆ ಹರಿಯುತ್ತವೆ. ಅಡ್ಡಕ್ಕೆ ಕತ್ತರಿಸಿದವು ಉದ್ದಕ್ಕೆ ಕತ್ತರಿಸಿದವಕ್ಕಿಂತ ಗಟ್ಟಿ. ಇದು ಯಂತ್ರದ ದೋಷವೇ? ಈ ಅಂಕಿಯಿಂದ ಫಲಕದ ಗಟ್ಟಿತನ ಹೇಳಬಹುದೇ?

ಉತ್ತರ: ಯಂತ್ರವನ್ನು ಬೈಯುವ ಮೊದಲು ಪಟ್ಟಿಗಳನ್ನು ತೂಗಿ ನೋಡಿ. ನೇಯ್ದ ಬಟ್ಟೆಯಲ್ಲಾದರೆ ಎಳೆಗಳನ್ನು ಎಣಿಸಬಹುದು. ಇಲ್ಲಿರುವುದು ಸೂಜಿ ಚುಚ್ಚಿ ಹೆಣೆದ ನಾರಿನ ರಾಶಿ. ಒಂದೆಡೆ ದಪ್ಪ, ಇನ್ನೊಂದೆಡೆ ತೆಳು ಇದ್ದೇ ಇರುತ್ತದೆ. ಪ್ರತಿ ಪಟ್ಟಿಯ ಬಲವನ್ನು ಅದರದೇ ಜಿಎಸ್‌ಎಂನಿಂದ (ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ತೂಕ) ಭಾಗಿಸಿ. ಏರುಪೇರು ಬಹುಮಟ್ಟಿಗೆ ಇಳಿದರೆ ಕಾರಣ ಹಾಸಿನದು. ಇಳಿಯದಿದ್ದರೆ ಪಟ್ಟಿಯ ತುದಿಗಳನ್ನು ಕಚ್ಚಿ ಹಿಡಿಯುವ ಯಂತ್ರದ ಹಿಡಿಕೆಯ ಕಡೆ ನೋಡಿ. ದಪ್ಪ ಹಾಸು ಹಿಡಿಕೆಯೊಳಗೆ ಸದ್ದಿಲ್ಲದೆ ಜಾರುತ್ತದೆ, ನಾವು ಅದನ್ನು ಹಿಗ್ಗಿದ್ದೆಂದು ಬರೆದುಕೊಳ್ಳುತ್ತೇವೆ! ಹಿಡಿಕೆಯಂಚಿಗೆ ಪೆನ್ನಿನಿಂದ ಗೆರೆ ಎಳೆದಿಟ್ಟರೆ ಕಳ್ಳತನ ಸಿಕ್ಕಿಬೀಳುತ್ತದೆ.

ನಾನ್‌ವೋವನ್ ಪಟ್ಟಿಗಳನ್ನು ಎಳೆದು ಪರೀಕ್ಷಿಸುವ ಮಾನದಂಡ ಐಎಸ್‌ಒ 9073-3 ಹೇಳುವುದು 50 ಮಿ.ಮೀ. ಅಗಲದ ಪಟ್ಟಿ, ಹಿಡಿಕೆಗಳ ನಡುವೆ 200 ಮಿ.ಮೀ., ನಿಮಿಷಕ್ಕೆ 100 ಮಿ.ಮೀ. ವೇಗ. ಅಗಸೆ ತೇವ ಹೀರುವ ನಾರು. 20 ಡಿಗ್ರಿ ಸೆಲ್ಸಿಯಸ್, ಶೇ 65 ಆರ್ದ್ರತೆಯಲ್ಲಿ ಹದಗೊಳಿಸಿಯೇ ಎಳೆಯಿರಿ.

ಅಡ್ಡಕ್ಕೆ ಗಟ್ಟಿಯಾಗಿರುವುದು ದೋಷವಲ್ಲ. ಹಾಸು ತಯಾರಿಸುವಾಗ ಕ್ರಾಸ್‌ಲ್ಯಾಪರ್ ಎಂಬ ಯಂತ್ರ ನಾರಿನ ಪದರಗಳನ್ನು ಅತ್ತಿತ್ತ ಮಡಚಿ ಹಾಸುವುದರಿಂದ ಹೆಚ್ಚಿನ ನಾರುಗಳು ಅಡ್ಡಕ್ಕೇ ಮಲಗುತ್ತವೆ. ಎರಡೂ ದಿಕ್ಕಿನ ಅಂಕಿಗಳನ್ನು ಬೇರೆಬೇರೆಯಾಗಿಯೇ ಬರೆದಿಡಿ, ಸರಾಸರಿ ಮಾಡಬೇಡಿ.

ಎರಡನೆಯ ಪ್ರಶ್ನೆಗೆ ಉತ್ತರ, ಇಲ್ಲ. ಹಾಸು ಹರಿಯುವಾಗ ನಾರುಗಳು ಹೆಚ್ಚಾಗಿ ತುಂಡಾಗುವುದಿಲ್ಲ, ಸಿಕ್ಕಿನಿಂದ ಜಾರಿ ಬಿಡಿಸಿಕೊಳ್ಳುತ್ತವೆ. ಹಾಸನ್ನು ಬಿಸಿಯಲ್ಲಿ ಒತ್ತಿ ಫಲಕ ಮಾಡುವಾಗ ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿಯಲ್ಲಿ ಕರಗಿ ಒತ್ತಡದಲ್ಲಿ ಅಂಟಾದ ಮೇಲೆ ಭಾರ ಹೊರುವ ಬಗೆಯೇ ಬೇರೆ. ಹಾಸಿನ ಹಿಗ್ಗುವಿಕೆ ಅಚ್ಚಿನ ಆಳವಾದ ಮೂಲೆಗಳಲ್ಲಿ ಅದು ಹರಿದೀತೇ ಎಂಬ ಸುಳಿವು ಕೊಡುತ್ತದೆ, ಅದೂ ಬಿಸಿಯಲ್ಲಿ ಎಳೆದರೆ ಮಾತ್ರ. ಫಲಕದ ಗಟ್ಟಿತನ ತಿಳಿಯಲು, ಒತ್ತಿದ ಹಾಳೆಯಿಂದಲೇ ತುಂಡು ಕತ್ತರಿಸಿ ಬಾಗಿಸುವ ಪರೀಕ್ಷೆ (ಐಎಸ್‌ಒ 178) ಮತ್ತು ಚಾರ್ಪಿ ಹೊಡೆತದ ಪರೀಕ್ಷೆ (ಐಎಸ್‌ಒ 179) ಮಾಡಿ.

ಇಲ್ಲೊಂದು ಆಮಿಷವಿದೆ. ಬಾಗುವಿಕೆಗೆ ಒಡ್ಡುವ ಬಿಗಿತ ದಪ್ಪದ ಘನಕ್ಕೆ ಅನುಗುಣ: 2 ಮಿ.ಮೀ. ಹಾಳೆ 2.2 ಆದರೆ ಬಿಗಿತ ಸುಮಾರು ಶೇ 33 ಏರಬೇಕು. ಹಾಗೆಂದು ಅದೇ ಹಾಸನ್ನು ಕಡಿಮೆ ಒತ್ತಿ ದಪ್ಪ ಉಳಿಸಿಕೊಂಡರೆ ಒಳಗೆ ಗಾಳಿ ಉಳಿದು ವಸ್ತುವಿನ ಮಾಡ್ಯುಲಸ್ (ದಪ್ಪವನ್ನು ಬಿಟ್ಟು ವಸ್ತುವಿನದೇ ಬಿಗಿತ) ಇಳಿಯುತ್ತದೆ, ಲೆಕ್ಕದ ಲಾಭ ಪೂರ್ತಿ ಕೈಗೆ ಸಿಗುವುದಿಲ್ಲ. ಪ್ರತಿ ತುಂಡಿನ ದಪ್ಪ, ಸಾಂದ್ರತೆಗಳನ್ನು ಫಲಿತಾಂಶದ ಪಕ್ಕದಲ್ಲೇ ಬರೆಯಿರಿ.