ಅಮೆರಿಕದ ಹೈಸ್ಕೂಲ್ ಫುಟ್‌ಬಾಲ್‌ನಲ್ಲಿ ರೆಫರಿ ಪೆನಾಲ್ಟಿಯನ್ನು ಮೈಕ್‌ನಲ್ಲಿ ಹೇಳಬೇಕಾ?

ಹೇಳಬೇಕು, ಆದರೆ ಆಟಗಾರನ ನಂಬರ್ ಬಿಟ್ಟು. ಯಾವ ತಂಡ, ಏನು ತಪ್ಪು, ಎಷ್ಟು ಗಜ ದಂಡ (ಅಂದರೆ ತಪ್ಪು ಮಾಡಿದ ತಂಡ ಎಷ್ಟು ಹಿಂದೆ ಸರಿಯಬೇಕು), ಇಷ್ಟು ಸಾಕು. (ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕನ್ ಫುಟ್‌ಬಾಲ್.)

ಈ ಆಟದಲ್ಲಿ ತಪ್ಪು ಕಂಡರೆ ಹಳದಿ ಬಟ್ಟೆ ಎಸೆಯುತ್ತಾರೆ. ಆಮೇಲೆ ರೆಫರಿಯ ಕೈಸನ್ನೆ. ಎದೆ ಮುಂದೆ ಒಂದು ಕೈಯಿಂದ ಇನ್ನೊಂದರ ಮಣಿಕಟ್ಟು ಹಿಡಿದರೆ ‘ಹೋಲ್ಡಿಂಗ್’, ಅಂದರೆ ಎದುರಾಳಿಯನ್ನು ಹಿಡಿದು ತಡೆದದ್ದು, 10 ಗಜ. ಮುಂಗೈಗಳನ್ನು ಗಿರಗಿರ ತಿರುಗಿಸಿದರೆ ‘ಫಾಲ್ಸ್ ಸ್ಟಾರ್ಟ್’, ಚೆಂಡು ಹೊರಡುವ ಮೊದಲೇ ಅಲುಗಾಡಿದ್ದು, 5 ಗಜ. ಮೊಮ್ಮಗನ ಆಟ ನೋಡಲು ಬಂದ ಅಜ್ಜಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಕಾರಣ ತಿಳಿಯದಿದ್ದರೆ ಜನ ಸುಮ್ನೆ ರೆಫರಿಯನ್ನೇ ಬೈಯುತ್ತಾರೆ.

ವೃತ್ತಿಪರ ಲೀಗ್ ಎನ್‌ಎಫ್‌ಎಲ್ 1975ರಲ್ಲೇ ರೆಫರಿಗಳಿಗೆ ವೈರ್‌ಲೆಸ್ ಮೈಕ್ ಕೊಟ್ಟಿತು. ಅಲ್ಲಿ ನಂಬರನ್ನೂ ಹೇಳುತ್ತಾರೆ, ಸರಿ. ಅವರು ಸಂಬಳಕ್ಕೆ ಆಡುವವರು. ಇಲ್ಲಿರೋದು 15-16ರ ಹುಡುಗರು. ನೋಡುವವರು ಕ್ಲಾಸ್‌ಮೇಟ್‌ಗಳು, ಅಕ್ಕಪಕ್ಕದ ಮನೆಯವರು. ‘54’ ಅಂದರೆ ಯಾರ ಮಗ ಅಂತ ಊರಿಗೇ ಗೊತ್ತು, ಅಲ್ವಾ? ನಂಬರನ್ನು ಕೋಚ್‌ಗೆ ಮಾತ್ರ ಹೇಳಿದರಾಯ್ತು. ರೆಫರಿ ಹತ್ತಿರ ಮೈಕ್ ಇಲ್ಲದಿದ್ದರೆ ಸನ್ನೆ ನೋಡಿ ಮೈದಾನದ ಅನೌನ್ಸರ್ ಹೇಳಬಹುದು.