ಮೊದಲು ಆ ಸಾಕ್ಸ್ ಬಿಚ್ಚಿ

ಭಾಗಮಂಡಲದ ಹತ್ತಿರದ ತೋಟದ ಮನೆಯಿಂದ ತಾಯಿಯೊಬ್ಬರು ಬರೆದಿದ್ದಾರೆ. ಮಗನಿಗೆ ಮೂರು ವರ್ಷ ಎಂಟು ತಿಂಗಳು. ಮಳೆ ಜಾಸ್ತಿಯಾಗಿ ಅಂಗನವಾಡಿಗೆ ಮೇಲಿಂದ ಮೇಲೆ ರಜೆ. ಹುಡುಗ ಸುಮ್ನೆ ಇರಬಾರದು ಅಂತ ಮನೆಯಲ್ಲೇ ಪಾಠ ಶುರುವಾಗಿದೆ. ಫ್ರಿಜ್ ಮೇಲೆ ಟೈಮ್‌ಟೇಬಲ್ ಅಂಟಿಸಿದ್ದಾರೆ: ಬೆಳಿಗ್ಗೆ ಅಕ್ಷರ, ಆಮೇಲೆ ಅಂಕಿ, ಮಧ್ಯಾಹ್ನ ಬಣ್ಣ ತುಂಬೋದು, ಸಂಜೆ ಇಂಗ್ಲಿಷ್ ರೈಮ್ಸ್. ಮೈಸೂರಿನ ನಾದಿನಿ ವಾಟ್ಸಾಪ್‌ನಲ್ಲಿ ವರ್ಕ್‌ಶೀಟ್ ಕಳಿಸುತ್ತಾರೆ. ಗಂಡ ಮಡಿಕೇರಿಗೆ ಹೋದಾಗ ಪ್ರಿಂಟ್ ಹಾಕಿಸಿ ತರುತ್ತಾರೆ. ಹುಡುಗ ಐದು ನಿಮಿಷ ಕೂರಲ್ಲ. ಹಾಳೆ ಹರಿಯುತ್ತಾನೆ, ಪೆನ್ಸಿಲ್ ಕಂಡರೆ ಮಂಚದ ಕೆಳಗೆ ನುಸುಳುತ್ತಾನೆ. ಅಜ್ಜಿ ಕರೆದರೆ ಮಾತ್ರ ಅಡುಗೆಮನೆಗೆ ಓಡಿ, ಕಡಂಬಿಟ್ಟು ಅನ್ನೋ ಅಕ್ಕಿ ತರಿಯ ಕಡುಬಿನ ಹಿಟ್ಟು ಮುಗಿಯುವವರೆಗೆ ಉಂಡೆ ಕಟ್ಟುತ್ತಾ ಕೂರುತ್ತಾನೆ. ‘ಅತ್ತೆ ಮುದ್ದು ಮಾಡಿ ಕೆಡಿಸ್ತಿದ್ದಾರಾ? ಇವನಿಗೆ ಗಮನ ಕಮ್ಮಿಯಾ? ಡಾಕ್ಟರಿಗೆ ತೋರಿಸಬೇಕಾ?’

ಉದ್ದದ ಪತ್ರ. ಅದರಲ್ಲಿ ಒಂದು ಮಾತನ್ನು ಮಾತ್ರ ಕಂಸದೊಳಗೆ ಹಾಕಿದ್ದಾರೆ: ‘(ಪೆನ್ಸಿಲ್ ಎಡಗೈಗೆ ತಗೊಳ್ತಾನೆ, ಅದನ್ನೂ ತಿದ್ದುತ್ತಿದ್ದೇವೆ. ಎಡಗೈಗೆ ಸಾಕ್ಸ್ ಹಾಕಿ ಕೂರಿಸು ಅಂತ ನಾದಿನಿ ಹೇಳಿದ್ರು. ಹೇಗೂ ಚಳಿ ಅಲ್ವಾ.)’

ಚಳಿಯಂತೆ! ಬಲಗೈಗೆ ಚಳಿ ಆಗಲ್ವಾ?

ನೋಡಿ, ನಿಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಆ ಕಂಸದೊಳಗೇ ಇದೆ. ನಿಮ್ಮ ಮಗ ಎಡಗೈ ಹುಡುಗ. ಸುಮಾರು ಹತ್ತು ಜನರಲ್ಲಿ ಒಬ್ಬರು ಹಾಗೆ ಇರುತ್ತಾರೆ. ಯಾವ ಕೈ ಮುಂದು ಅನ್ನೋದು ಹೆಚ್ಚಿನ ಮಕ್ಕಳಲ್ಲಿ ಮೂರರಿಂದ ಐದು ವರ್ಷದೊಳಗೆ ಗಟ್ಟಿಯಾಗುತ್ತದೆ. ಅದು ರೋಗ ಅಲ್ಲ, ಕೆಟ್ಟ ಚಾಳಿಯೂ ಅಲ್ಲ. ಅವನ ಓಡುವ ಕೈಯನ್ನು ಕಟ್ಟಿಹಾಕಿ, ಒಲ್ಲದ ಕೈಯಲ್ಲಿ ‘ಅ’ ತಿದ್ದು ಅಂತ ಕೂರಿಸಿದ್ದೀರಿ. ನಾಳೆ ಬೆಳಿಗ್ಗೆ ನೀವು ಎಡಗೈಯಲ್ಲಿ ಹಾಲಿನ ಲೆಕ್ಕ ಬರೆಯಿರಿ. ಎಷ್ಟು ಹೊತ್ತು ಕೂರುತ್ತೀರಿ ನೋಡೋಣ. ಮಂಚದ ಕೆಳಗೆ ನುಸುಳಿದ್ದು ಅವನ ಬುದ್ಧಿವಂತಿಕೆ.

ಡಾಕ್ಟರ್ ವಿಷಯ ಬೇಗ ಮುಗಿಸುತ್ತೇನೆ. ಒಂದೂವರೆ ವರ್ಷಕ್ಕೂ ಮೊದಲೇ ಒಂದು ಕೈ ಮಾತ್ರ ಬಳಸುತ್ತಿದ್ದನಾ? ಈಗ ಇನ್ನೊಂದು ಕೈ ಸೋತಂತೆ, ಬಿಗಿದಂತೆ ಕಾಣುತ್ತದಾ? ಹಾಗಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಎರಡೂ ಅಂಗೈ ಸೇರಿಸಿ ಕಡಂಬಿಟ್ಟು ಕಟ್ಟುವವನಿಗೆ ಆ ತೊಂದರೆ ಇದ್ದಂತಿಲ್ಲ. ಗಮನದ ಮಾತಂತೂ ಬಿಡಿ. ಹಿಟ್ಟು ಮುಗಿಯುವವರೆಗೆ ಏಳದ ಹುಡುಗನಿಗೆ ಗಮನ ಕಮ್ಮಿ ಅಂತ ಯಾರಾದರೂ ಅಂದಾರಾ?

ಈಗ ಅತ್ತೆ ವಿಷಯ. ನೀವು ದೂರು ಕೊಟ್ಟಿದ್ದು ಅವರ ಮೇಲೆ, ನನಗೆ ನಿಮ್ಮ ಮನೆಯಲ್ಲಿ ಮೇಷ್ಟ್ರು ಅಂತ ಕಂಡಿದ್ದು ಅವರೊಬ್ಬರೇ. ಕುದಿಯುವ ಉಪ್ಪುನೀರಿಗೆ ಅಕ್ಕಿ ತರಿ ಹಾಕಿ ಕೆದಕಿ, ಉಗುರು ಬೆಚ್ಚಗಾದ ಮೇಲೆ ಹುಡುಗನ ಮುಂದಿಡುತ್ತಾರೆ. ಅವನು ಕೈ ಒದ್ದೆ ಮಾಡಿಕೊಳ್ಳಬೇಕು, ಒಂದೇ ಅಳತೆಗೆ ಹಿಟ್ಟು ಚಿವುಟಬೇಕು, ಬಿರುಕು ಬಿಡದ ಹಾಗೆ ಉರುಟಬೇಕು. ಜಾಸ್ತಿ ಒತ್ತಿದರೆ ಚಪ್ಪಟೆ, ಕಮ್ಮಿ ಒತ್ತಿದರೆ ಪುಡಿ. ಆಮೇಲೆ ಹಬೆ ಪಾತ್ರೆಯಲ್ಲಿ ಸಾಲಾಗಿ ಇಡಬೇಕು. ಒಲೆಯ ಕೆಲಸ ಅಜ್ಜಿಯದು. ಅಪ್ಪನಿಗೆ ಎಷ್ಟು, ತಾತನಿಗೆ ಎಷ್ಟು, ತನಗೊಂದು ಪುಟ್ಟದು. ಇದರಲ್ಲಿ ಲೆಕ್ಕ ಇದೆ, ದೊಡ್ಡದು ಚಿಕ್ಕದು ಇದೆ, ಬಿಸಿ ತಣ್ಣಗೆ ಇದೆ, ಬಾಯ್ತುಂಬ ಮಾತಿದೆ. ಮುಂದೆ ಪೆನ್ಸಿಲ್ ಹಿಡಿಯುವ ಬೆರಳುಗಳೇ ಇಲ್ಲಿ ಪಳಗುತ್ತಿವೆ. ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಮಗು ಹುಟ್ಟಿದಾಗ ಅವು ಇನ್ನೂ ಗಟ್ಟಿಯಾಗಿರುವುದಿಲ್ಲ, ಒಂದೊಂದಾಗಿ ಮೂಳೆಯಾಗಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಆ ಕೈಗೆ ಹಿಟ್ಟು, ಮಣ್ಣು, ನೀರು ಸರಿಯೇ ಹೊರತು ಚುಕ್ಕಿ ಗೆರೆಯ ಹಾಳೆ ಅಲ್ಲ.

ಐದು ವರ್ಷಕ್ಕೆ ಮುಂಚೆ ವರ್ಕ್‌ಶೀಟ್ ಅಂದರೆ ನನಗೆ ಆಗದು ಅಂತ ಈ ಅಂಕಣ ಓದುವವರಿಗೆ ಗೊತ್ತು. ಮತ್ತೆ ಹೇಳುತ್ತೇನೆ, ಬೇಜಾರಾದರೂ ಕೇಳಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ 3ರಿಂದ 8 ವರ್ಷದ ಹಂತಕ್ಕೆ ಆಟದ ಮೂಲಕ ಕಲಿಕೆ ಅನ್ನುತ್ತದೆ. ಸರ್ಕಾರವೇ ಆಡಲಿ ಅಂದರೂ ನಾವು ಪ್ರಿಂಟ್ ಅಂಗಡಿಗೆ ಓಡುತ್ತೇವೆ.

ಮಳೆಗಾಲದ ಕೊಡಗಿನ ಮನೆಯಲ್ಲಿ ಕಲಿಯೋಕೆ ಏನು ಕಮ್ಮಿ? ಹಲಸಿನ ಬೀಜದ ಸಿಪ್ಪೆ ಬಿಡಿಸಲಿ. ಜಗಲಿಗೆ ಬಕೆಟ್ ಇಟ್ಟು, ಅದು ತುಂಬುವಷ್ಟರಲ್ಲಿ ಎಷ್ಟು ಹಾಡು ಮುಗಿಯುತ್ತೆ ನೋಡಲಿ. ಮದ್ದು ಸೊಪ್ಪಿನ ಅಡುಗೆ ಮಾಡುವ ಆಟಿ ಹದಿನೆಂಟು, ಅಂದರೆ ಆಟಿ ತಿಂಗಳ ಹದಿನೆಂಟನೇ ದಿನ, ಬರುತ್ತಲ್ಲ, ಆಗಸ್ಟ್ 3ರ ಸುಮಾರಿಗೆ. ಮದ್ದು ಸೊಪ್ಪು ಬೇಯಿಸಿದ ನೇರಳೆ ನೀರನ್ನು ಒಂದು ಲೋಟ ಎತ್ತಿಟ್ಟು, ಹಳೇ ಪೇಪರ್ ಹಾಸಿ ಕೊಡಿ. ಬೆರಳು ಅದ್ದಿ ಬೇಕಾದ್ದು ಬರೆಯಲಿ. ಕರೆಂಟ್ ಹೋದರೂ ನಿಲ್ಲದ ಪಾಠ ಇದು. ಕಾಳುಮೆಣಸು, ಹುರುಳಿ ಕೊಡುವಾಗ ಮಾತ್ರ ಪಕ್ಕದಲ್ಲಿ ದೊಡ್ಡವರು ಇರಿ, ಮೂಗಿಗೆ ಹಾಕಿಕೊಳ್ಳುವ ವಯಸ್ಸು.

ನಿಮ್ಮ ಮಾವನವರ ಅಳುಕನ್ನೂ ಬರೆದಿದ್ದೀರಿ: ಎಡಗೈ ಆದರೆ ಕೊಡಗಿನ ಹುಡುಗ ಹಾಕಿ ಆಡೋದು ಹೇಗೆ? ನನಗೆ ನಗು ಬಂತು. ಹಾಕಿಯಲ್ಲಿ ಎಡಗೈಯವರಿಗೆ ಅಂತ ಬೇರೆ ಸ್ಟಿಕ್ಕೇ ಇಲ್ಲ, ಎಲ್ಲರೂ ಒಂದೇ ತರಹದ್ದರಲ್ಲಿ ಆಡುತ್ತಾರೆ. ಸ್ಟಿಕ್ಕಿನ ಮೇಲ್ತುದಿ ಹಿಡಿದು ತಿರುಗಿಸುವುದು ಎಡಗೈ, ಬಲಗೈ ಕೆಳಗೆ ಆಸರೆಗೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಹಾಕಿ ಉತ್ಸವದ ಜಿಲ್ಲೆಯವರು ಇದಕ್ಕೆ ಹೆದರುವುದಾ? ಮೊಮ್ಮಗನಿಗೆ ಒಂದು ಪುಟ್ಟ ಸ್ಟಿಕ್ ತರಲು ಹೇಳಿ ಅವರಿಗೆ.

ನಾದಿನಿಯ ಬಗ್ಗೆ ನನಗೆ ಮೆದು ಮಾತು ಬರುತ್ತಿಲ್ಲ. ದೂರದ ಮೈಸೂರಿನಲ್ಲಿ ಕೂತು, ಅಳುವ ಮಗುವಿನ ಮುಖ ನೋಡದೆ ಸಾಕ್ಸ್ ಹಾಕು ಅನ್ನೋದು ಸುಲಭ. ನಿಮ್ಮ ಯಜಮಾನರೂ ಅಷ್ಟೇ. ಪ್ರಿಂಟ್ ತಂದುಕೊಟ್ಟರೆ ಅಪ್ಪನ ಕೆಲಸ ಮುಗಿಯಿತು ಅಂದುಕೊಂಡ ಹಾಗಿದೆ. ತಂಗಿಗೆ ‘ಇನ್ನು ಕಳಿಸಬೇಡ’ ಅಂತ ಹೇಳಬೇಕಾದವರು ಅವರು, ನೀವಲ್ಲ. ಸೊಸೆ ಹೇಳಿದರೆ ಜಗಳ, ಅಣ್ಣ ಹೇಳಿದರೆ ಬರೀ ಮಾತು.

ನೀವು ಮಾಡಬೇಕಾದ್ದು ಒಂದೇ. ಆ ಸಾಕ್ಸ್ ಬಿಚ್ಚಿ, ಇವತ್ತೇ. ಊಟ ಬಲಗೈಯಲ್ಲಿ ಮಾಡಲಿ ಅಂತ ಅಜ್ಜಿ ನಯವಾಗಿ ತೋರಿಸಿಕೊಟ್ಟರೆ ಬೇಡ ಅನ್ನಬೇಡಿ, ಗದರಿಸೋದು ಮಾತ್ರ ಬೇಡ. ಪೆನ್ಸಿಲ್ಲು ಅವನಾಗಿ ಕೇಳಿದಾಗ ಅವನ ಎಡಗೈಗೇ ಕೊಡಿ. ಹಾಳೆಯನ್ನು ಸ್ವಲ್ಪ ಎಡಕ್ಕೆ ಸರಿಸಿ ಮೇಲ್ತುದಿ ಬಲಕ್ಕೆ ವಾಲಿಸಿ, ಬರೆದದ್ದು ಅವನ ಕೈಯಡಿ ಮುಚ್ಚಿಹೋಗಲ್ಲ. ಅಂಗನವಾಡಿ ತೆರೆದ ದಿನ ನೀವೇ ಹೋಗಿ ಟೀಚರಿಗೆ ‘ಇವನು ಎಡಗೈ, ತಿದ್ದಬೇಡಿ’ ಅಂತ ಹೇಳಿ ಬನ್ನಿ. ಸಹಾಯಕಿಗೂ ಹೇಳಿ, ಊಟ ಬಡಿಸುವಾಗ ಮೊದಲು ಗದರೋದು ಅವರೇ.