ಸೆಸ್ನಾ 172ಎಸ್ ಇಳಿಯುವಾಗ ಪದೇ ಪದೇ ಪುಟಿಯುವುದಕ್ಕೆ ಪರಿಹಾರ

ರನ್‌ವೇ ಮುಟ್ಟಿದೊಡನೆ ವಿಮಾನ ಪುಟಿದು, ಎರಡನೆಯ ಸಲ ಇನ್ನಷ್ಟು ಮೇಲಕ್ಕೆ ಹಾರುತ್ತದೆ ಎಂದು ಬರೆದಿದ್ದೀರಿ. ಬಹುಮಟ್ಟಿಗೆ ಇದಕ್ಕೆ ಕಾರಣ ಇಳಿಯುವಾಗ ಉಳಿದಿರುವ ಹೆಚ್ಚಿನ ವೇಗ ಮತ್ತು ಮೊದಲ ಸಲ ಪುಟಿದಾಗ ಗಾಬರಿಯಿಂದ ಯೋಕನ್ನು (ಮೂತಿಯನ್ನು ಮೇಲೆ ಕೆಳಗೆ ಮಾಡುವ ಹಿಡಿಯನ್ನು) ಮುಂದಕ್ಕೆ ತಳ್ಳುವುದು. ಹಾಗೆ ತಳ್ಳಿದರೆ ಮುಂದಿನ ಚಕ್ರವೇ ಮೊದಲು ನೆಲಕ್ಕೆ ಬಡಿದು ಮೂತಿಯನ್ನು ಮತ್ತೆ ಮೇಲೆತ್ತುತ್ತದೆ. ಆ ಚಕ್ರದ ಕಾಲನ್ನು ಎಂಜಿನ್ನಿನ ಹಿಂದಿರುವ ಫೈರ್‌ವಾಲ್ ಎಂಬ ತಡೆಗೋಡೆಗೆ ಜೋಡಿಸಿರುವುದರಿಂದ ಹೊಡೆತ ನೇರವಾಗಿ ಅಲ್ಲಿಗೇ ತಲುಪುತ್ತದೆ, ಪ್ರೊಪೆಲರ್ ಕೂಡ ನೆಲಕ್ಕೆ ತಾಗಬಹುದು.

ಮೊದಲು ವೇಗವನ್ನು ಸರಿಪಡಿಸಿಕೊಳ್ಳಿ. ಫ್ಲಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಸುವ ಪಟ್ಟಿ) 30 ಡಿಗ್ರಿ ಇರುವಾಗ, ಇಳಿಯಲು ಬರುವ ವೇಗವೆಂದು ವಿಮಾನದ ಕೈಪಿಡಿ ಹೇಳುವುದು 60ರಿಂದ 70 ನಾಟ್ (ಗಂಟೆಗೆ ಸುಮಾರು 110ರಿಂದ 130 ಕಿ.ಮೀ.). ಸುರಕ್ಷತೆಗೆಂದು ಅದರ ಮೇಲೆ ಸೇರಿಸುವ ವೇಗವೇ ವಿಮಾನವನ್ನು ತೇಲಿಸುತ್ತದೆ. ನೆಲ ಹತ್ತಿರವಾದಾಗ ದೃಷ್ಟಿಯನ್ನು ರನ್‌ವೇಯ ದೂರದ ತುದಿಗೆ ಸರಿಸಿ, ಥ್ರಾಟಲ್ (ಎಂಜಿನ್ನಿನ ಪವರ್ ಹಿಡಿ) ಪೂರ್ತಿ ಹಿಂದೆಳೆದು, ವಿಮಾನ ಕೆಳಗಿಳಿಯುತ್ತಿರುವಷ್ಟಕ್ಕೇ ತಕ್ಕಂತೆ ಯೋಕನ್ನು ಹಿಂದಕ್ಕೆ ಎಳೆಯುತ್ತ, ಹಿಂದಿನ ಎರಡು ಚಕ್ರಗಳು ಮೊದಲು ಮುಟ್ಟುವವರೆಗೆ ಕಾಯಿರಿ. ಹೊಸಬರಿಗೆ ಈ ಕಾಯುವಿಕೆಯೇ ಎಲ್ಲಕ್ಕಿಂತ ಕಷ್ಟ.

ಆದರೂ ತುಸು ಪುಟಿದರೆ, ಮೂತಿಯ ಕೋನವನ್ನು ಹಾಗೆಯೇ ಹಿಡಿದು ಸ್ವಲ್ಪ ಪವರ್ ಕೊಟ್ಟು ಇಳಿಸಿ. ಎತ್ತರಕ್ಕೆ ಪುಟಿದರೆ ಅಥವಾ ಎರಡನೆಯ ಸಲ ಪುಟಿದರೆ ತಡಮಾಡದೆ ಪೂರ್ತಿ ಥ್ರಾಟಲ್, ಬಲ ರಡರ್ (ಬಾಲದ ಚುಕ್ಕಾಣಿಯ ಪೆಡಲ್), ಫ್ಲಾಪ್ 20 ಡಿಗ್ರಿ, 60 ನಾಟ್‌ನಲ್ಲಿ ಏರಿಕೆ. ಹೀಗೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದೇ ಗೋ ಅರೌಂಡ್. ಫ್ಲಾಪನ್ನು ಒಮ್ಮೆಗೇ ಪೂರ್ತಿ ಎತ್ತಬೇಡಿ.

ಗಾಳಿಯ ವಿವರವನ್ನು ನೀವು ಕೊಟ್ಟಿಲ್ಲವಾದ್ದರಿಂದ, ಏಕಾಏಕಿ ಜೋರಾಗಿ ಬೀಸುವ ಗಾಳಿಯ ಪಾಲೂ ಇರಬಹುದೆಂಬುದನ್ನು ತಳ್ಳಿಹಾಕಲಾರೆ. ಜೋರಾಗಿ ಬಡಿದ ವಿಮಾನವನ್ನು ಎಂಜಿನಿಯರ್ ಪರೀಕ್ಷಿಸುವವರೆಗೆ ಹಾರಿಸಬೇಡಿ. ಮುಂದಿನ ಪಾಠವನ್ನು ಬೋಧಕರೊಂದಿಗೆ ಗೋ ಅರೌಂಡ್ ಅಭ್ಯಾಸದಿಂದಲೇ ಆರಂಭಿಸಿ.